ಚೀಟಿಯ ಕೊನೆಯ ಸಾಲು

ನಾಲ್ಕೇ ಸಾಲಿನ ಪಠ್ಯ. ಮೇಲೆ ಮೂಲೆಯಲ್ಲಿ ‘ಬಿ.ಪಿ. 150/90’ ಎಂದು ಬರೆದು ಕೆಳಗೊಂದು ಗೆರೆ. ಆಮೇಲೆ ಮೊದಲ ಸಾಲು: ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಕೂಡಿದ ಗುಳಿಗೆ, 1-0-1, ಊಟಕ್ಕೆ ಮೊದಲು. ಎರಡನೆಯದು ಮಿಥೈಲ್‌ಕೋಬಾಲಮಿನ್, ಆಲ್ಫಾ ಲಿಪೋಯಿಕ್ ಆಮ್ಲ ಮತ್ತು ಒಂದಷ್ಟು ಜೀವಸತ್ವ ತುಂಬಿದ ಕ್ಯಾಪ್ಸೂಲು, 0-1-0. ಮೂರನೆಯದು ಹೊಟ್ಟೆ ಉರಿಯದಿರಲೆಂದು ಒಂದು ಗುಳಿಗೆ. ನಾಲ್ಕನೆಯದು, ಕಾಗದ ಮುಗಿಯುವ ಜಾಗದಲ್ಲಿ, ಸಣ್ಣಗೆ: ಅಟೋರ್ವಾಸ್ಟಾಟಿನ್ 10, 0-0-1, × 15.

ಇದು ನನ್ನ ಅಣ್ಣನ ಚೀಟಿ. ಬರೆದವರು ಯಾರು, ಯಾವ ದವಾಖಾನೆ ಎಂಬುದು ಇಲ್ಲಿ ಬೇಡ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಯಾವುದೇ ಔಷಧದಂಗಡಿಯ ಮುಂದೆ ಅರ್ಧ ತಾಸು ನಿಂತರೂ ಇದರ ದಾಯಾದಿಗಳು ಸಿಗುತ್ತವೆ. ಅಣ್ಣ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವನು. ಹನ್ನೊಂದು ವರ್ಷದಿಂದ ಶುಗರ್. ಬೆರಳು ಚುಚ್ಚಿ ನೋಡುವ ಯಂತ್ರ ಖಾತೆಪುಸ್ತಕದ ಪಕ್ಕದಲ್ಲೇ ಇರುತ್ತಿತ್ತು. ‘ನೂರಾ ಇಪ್ಪತ್ತೆಂಟು!’ ಎಂದು ಟೆಂಡರಿನಲ್ಲಿ ಒಳ್ಳೆಯ ದರ ಬಿದ್ದವನ ಹಾಗೆ ಹೇಳುತ್ತಿದ್ದ. ಲಕ್ವಾ ಹೊಡೆದ ದಿನ ಬೆಳಿಗ್ಗೆಯೂ ಅದರ ಆಸುಪಾಸಿನ ಸಂಖ್ಯೆಯೇ ಬಂದಿತ್ತು. ಎಡಗೈ ಬಿದ್ದು, ನಾಲಿಗೆ ತೊದಲಿ, ಹುಬ್ಬಳ್ಳಿಗೆ ಒಯ್ಯುವಾಗ ಆಂಬುಲೆನ್ಸಿನಲ್ಲಿ ಅವನು ಕಷ್ಟಪಟ್ಟು ಹೇಳಿದ್ದು: ‘ಶುಗರ್ ಕಂಟ್ರೋಲಿನ್ಯಾಗ ಐತೆಲ್ಲೋ ತಮ್ಮಾ.’

ಇದು ದೂರಲ್ಲ, ಬೆರಗು. ಪರೀಕ್ಷೆಯಲ್ಲಿ ಪಾಸಾದವನು ಫಲಿತಾಂಶದ ಪಟ್ಟಿಯಲ್ಲಿ ತನ್ನ ಹೆಸರು ಕಾಣದೆ ನಿಂತ ಹಾಗೆ. ಆ ಬೆರಗನ್ನು ಅವನ ತಲೆಗೆ ತುಂಬಿದ್ದು ಈ ಚೀಟಿ, ಇಂಥ ಸಾವಿರ ಚೀಟಿಗಳನ್ನು ಬರೆಯಿಸುವ ರೂಢಿ. ಕಥೆ, ಕಾದಂಬರಿ, ಕವನ ಸಂಕಲನಗಳನ್ನು ಸಾಲುಸಾಲಾಗಿ ಬಿಡಿಸಿ ಓದುವ ನಾವು, ಜಿಲ್ಲೆಯಲ್ಲಿ ಅತಿ ಹೆಚ್ಚು ಜನ ಜೇಬಿನಲ್ಲಿಟ್ಟುಕೊಂಡು ತಿರುಗುವ ಈ ಪಠ್ಯವನ್ನು ಒಮ್ಮೆಯೂ ಹಾಗೆ ಓದಿಲ್ಲ.

ಸಕ್ಕರೆ ಕಾಯಿಲೆ ಯಾಕೆ ಬರುತ್ತದೆ, ಅನ್ನ ಬಿಟ್ಟು ರೊಟ್ಟಿ ಉಣ್ಣಬೇಕೆ, ಎಷ್ಟು ನಡೆಯಬೇಕು ಎಂಬುದನ್ನು ಪತ್ರಿಕೆಗಳ ಆರೋಗ್ಯ ಪುರವಣಿಗಳು ಬೇಕಾದಷ್ಟು ಬರೆದಿವೆ. ನಾನು ಅದಕ್ಕೆ ಹೋಗುವುದಿಲ್ಲ. ಒಂದೇ ಸಂಗತಿ ನೆನಪಿರಲಿ. ರಕ್ತದಲ್ಲಿ ಸಕ್ಕರೆ ಏರಿದಾಗ ದೇಹದ ಬಹುಪಾಲು ಜೀವಕೋಶಗಳು ಒಳಬರುವುದನ್ನು ತಕ್ಕಮಟ್ಟಿಗೆ ತಡೆದುಕೊಳ್ಳಬಲ್ಲವು. ರಕ್ತನಾಳದ ಒಳಪೊರೆಯ ಕೋಶಗಳಿಗೆ, ಅದರಲ್ಲೂ ಕಣ್ಣಿನ ಅಕ್ಷಿಪಟಲದಲ್ಲಿ, ಮೂತ್ರಪಿಂಡದ ಸೋಸುಗಂಟುಗಳಲ್ಲಿ ಇರುವವಕ್ಕೆ, ಆ ಶಕ್ತಿ ಕಡಿಮೆ. ಹೊರಗೆ ಎಷ್ಟಿದೆಯೋ ಒಳಗೂ ಹೆಚ್ಚುಕಡಿಮೆ ಅಷ್ಟು. ಸಣ್ಣ ನಾಳಗಳು ಹೀಗೆ ಕೆಡುತ್ತವೆ. ದೊಡ್ಡ ನಾಳಗಳ ಕಥೆಯಲ್ಲಿ ಸಕ್ಕರೆಗೆ ಜೊತೆಗಾರರಿದ್ದಾರೆ: ಕೊಲೆಸ್ಟರಾಲ್, ರಕ್ತದೊತ್ತಡ, ಹೊಗೆಸೊಪ್ಪು. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಿನವರು ಸಾಯುವುದು ಸಕ್ಕರೆಯಿಂದಲ್ಲ, ಹೃದಯ ಮತ್ತು ಮಿದುಳಿನ ನಾಳ ಕಟ್ಟಿ. ಅಂದರೆ ಇದು ರಕ್ತದಲ್ಲಿ ಕಾಣಿಸಿಕೊಂಡು ನಾಳದಲ್ಲಿ ಮುಗಿಯುವ ರೋಗ. ಚೀಟಿಯಾದರೋ ಕಾಣಿಸಿಕೊಂಡ ಕಡೆಗೇ ನೋಡುತ್ತ ಕೂತಿದೆ.

ಮೊದಲ ಸಾಲಿನ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಸಕ್ಕರೆ ಇಳಿಸುವುದು ಬೇಡವೆಂದು ಯಾವ ಬುದ್ಧಿವಂತನೂ ಹೇಳಲಾರ. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ ಬಿಗಿಯಾಗಿ ಸಕ್ಕರೆ ಇಳಿಸಿದವರಿಗೆ ಕಣ್ಣು, ಮೂತ್ರಪಿಂಡಗಳಂಥ ಸಣ್ಣ ನಾಳಗಳ ತೊಂದರೆ ಶೇ. 25ರಷ್ಟು ಕಡಿಮೆಯಾಯಿತು. ಹೃದಯಾಘಾತ ಶೇ. 16ರಷ್ಟು ಇಳಿದಂತೆ ಕಂಡರೂ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಇದಕ್ಕಿಂತ ಬಿಗಿ ಮಾಡಿದರೆ ಇನ್ನೂ ಒಳ್ಳೆಯದಿರಬೇಕು ಎಂದು ಅಮೆರಿಕ, ಕೆನಡಾಗಳಲ್ಲಿ 10,251 ಜನರ ಮೇಲೆ ಅಕಾರ್ಡ್ ಎಂಬ ಪ್ರಯೋಗ ಮಾಡಿದರು. ಬಿಗಿ ಮಾಡಿದ ಗುಂಪಿನಲ್ಲಿ ಸಾವು ಶೇ. 22 ಹೆಚ್ಚಾಗಿ 2008ರಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆದರೆ ಅದೇ ಯುಕೆಪಿಡಿಎಸ್‌ನ ಒಳಗೇ ಇನ್ನೊಂದು ಪ್ರಯೋಗ ಇತ್ತು, 1,148 ಜನರದ್ದು. ಅಲ್ಲಿ ರಕ್ತದೊತ್ತಡವನ್ನು ಸರಾಸರಿ 154/87ರ ಬದಲು 144/82ಕ್ಕೆ ತಂದರು. ಅಷ್ಟೇ. ಲಕ್ವಾ ಶೇ. 44, ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಸಾವು ಶೇ. 32, ಸಣ್ಣ ನಾಳಗಳ ಹಾನಿ ಶೇ. 37 ಇಳಿದವು. ಹಳೆಯ, ಅಗ್ಗದ ಕ್ಯಾಪ್ಟೊಪ್ರಿಲ್ ಮತ್ತು ಅಟೆನೊಲಾಲ್ ಮಾಡಿದ ಕೆಲಸ ಇದು. ಅಣ್ಣನ ಚೀಟಿಯಲ್ಲಿ 150/90 ಎಂದು ಬರೆದು, ಕೆಳಗೆ ಗೆರೆಯನ್ನೂ ಎಳೆದು, ಬಿಪಿಗೆ ಒಂದೂ ಗುಳಿಗೆ ಬರೆಯದೆ ಬಿಟ್ಟಿದ್ದಾರೆ. ಸಂಖ್ಯೆಯನ್ನು ನೋಡಿದ್ದಾರೆ, ಓದಿಲ್ಲ.

ಎರಡನೆಯ ಸಾಲಿಗೆ ಬರೋಣ. ಈ ಬರಹದ ಜಗಳ ಇದರ ಜೊತೆಗೇ.

ನಮ್ಮ ಕಡೆ ಆ ಕ್ಯಾಪ್ಸೂಲಿಗೆ ‘ನರದ ಗುಳಿಗಿ’ ಎನ್ನುತ್ತಾರೆ. ಅದಕ್ಕಿರುವ ಮರ್ಯಾದೆ ಇನ್ಯಾವ ಔಷಧಕ್ಕೂ ಇಲ್ಲ. ದುಡ್ಡು ಸಾಲದಿದ್ದರೆ ಅಂಗಡಿಯವರಿಗೆ ‘ಉಳಿದದ್ದು ಬ್ಯಾಡ, ಶುಗರಿಂದು ಮತ್ತ ನರದ್ದು ಕೊಡ್ರಿ’ ಎನ್ನುವವರನ್ನು ನಾನೇ ಕೇಳಿದ್ದೇನೆ. ಈ ಮರ್ಯಾದೆ ಎಲ್ಲಿಂದ ಬಂತು ಎಂದು ಬಹಳ ದಿನ ತಲೆ ಕೆಡಿಸಿಕೊಂಡೆ. ಉತ್ತರ ಔಷಧಶಾಸ್ತ್ರದಲ್ಲಿಲ್ಲ, ನಮ್ಮ ಭಾಷೆಯಲ್ಲಿದೆ. ಕನ್ನಡದ ‘ನರ’ ಬಹಳ ಉದಾರವಾದ ಪದ. ಸಲೈನ್ ಹಚ್ಚುವ ಸಿಸ್ಟರ್ ‘ನರ ಸಿಗವಲ್ದು’ ಎನ್ನುವಾಗ ಹುಡುಕುತ್ತಿರುವುದು ರಕ್ತನಾಳವನ್ನು. ‘ಕಾಲಾಗಿನ ನರ ಉಬ್ಬ್ಯಾವ’ ಎಂದರೆ ರಕ್ತನಾಳ. ‘ತಲೀ ನರ ಒಡೀತು’ ಎಂದರೂ ರಕ್ತನಾಳವೇ. ವೈದ್ಯ ಪುಸ್ತಕದಲ್ಲಿ ಮಾತ್ರ ನರವೆಂದರೆ ಸಂವೇದನೆ ಒಯ್ಯುವ ತಂತು. ಆದ್ದರಿಂದ ವೈದ್ಯರು ‘ಇದು ನರಕ್ಕೆ’ ಎಂದು ಬರೆದುಕೊಟ್ಟಾಗ, ಅಣ್ಣನಂಥವರು ಕೇಳಿಸಿಕೊಳ್ಳುವುದು ‘ಇದು ನಿನ್ನ ರಕ್ತನಾಳವನ್ನು ಕಾಯುತ್ತದೆ’ ಎಂದು. ಕಾಯುವ ಕೆಲಸಕ್ಕೆ ಹೆಸರು ಒಂದರದ್ದು, ಮೈಮುರಿದು ದುಡಿಯುವುದು ಇನ್ನೊಂದು. ಹಾವೇರಿಯ ಏಲಕ್ಕಿ ಮಾಲೆಯನ್ನು ನಾವು ತಪ್ಪು ಕೊರಳಿಗೆ ಹಾಕಿದ್ದೇವೆ.

ಕ್ಯಾಪ್ಸೂಲಿನ ಪರವಾಗಿ ಒಂದು ವಾದ ಇದೆ, ಚೆಂದದ ವಾದ. 2001ರಲ್ಲಿ ಮೈಕೆಲ್ ಬ್ರೌನ್ಲಿ ಎಂಬ ಅಮೆರಿಕದ ವಿಜ್ಞಾನಿ ಸಕ್ಕರೆ ನಾಳಗಳನ್ನು ಕೆಡಿಸುವ ನಾಲ್ಕು ದಾರಿಗಳನ್ನು ಒಂದೇ ಬೇರಿಗೆ ಕಟ್ಟಿ ತೋರಿಸಿದರು. ಹೆಚ್ಚಾದ ಸಕ್ಕರೆ ಕೋಶದೊಳಗೆ ಉರಿಯುವಾಗ ಉತ್ಕರ್ಷಕ ಕಣಗಳು ಹುಟ್ಟುತ್ತವೆ, ಉಳಿದೆಲ್ಲ ಹಾನಿ ಅದರಿಂದ. ಓದಿದರೆ ತಲೆದೂಗುವಂಥ ಪ್ರಬಂಧ. ಈ ವಾದದ ನೆರಳಿನಲ್ಲೇ ಉತ್ಕರ್ಷಣ ನಿರೋಧಕಗಳ ಮಾರಾಟ ಬೆಳೆಯಿತು. ಆದರೆ ಕಾವ್ಯಮೀಮಾಂಸೆ ಚೆನ್ನಾಗಿದ್ದ ಮಾತ್ರಕ್ಕೆ ಕಾವ್ಯ ಹುಟ್ಟುವುದಿಲ್ಲ. ಆ ನಾಲ್ಕು ದಾರಿಗಳನ್ನು ಒಂದೊಂದಾಗಿ ಅಡ್ಡಗಟ್ಟಲು ಮಾಡಿದ ಔಷಧಗಳ ಪಟ್ಟಿ ಸೋಲಿನ ಪಟ್ಟಿ. ಟಾಲ್‌ರೆಸ್ಟಾಟನ್ನು ಯಕೃತ್ತಿಗೆ ಅಪಾಯವೆಂದು 1996ರಲ್ಲಿ ಹಿಂತೆಗೆದುಕೊಂಡರು. ರುಬಾಕ್ಸಿಸ್ಟಾರಿನ್ ಅಮೆರಿಕದಲ್ಲಿ ಮಂಜೂರಾತಿಯನ್ನೇ ಪಡೆಯಲಿಲ್ಲ. ಬ್ರಿಟನ್ನಿನಲ್ಲಿ 20,536 ಜನರಲ್ಲಿ ಅರ್ಧದಷ್ಟು ಮಂದಿಗೆ ಐದು ವರ್ಷ ಇ, ಸಿ ಜೀವಸತ್ವ ಮತ್ತು ಬೀಟಾ ಕ್ಯಾರೊಟಿನ್ ಕೊಟ್ಟು ನೋಡಿದರು. ಹೃದಯಕ್ಕಾಗಲಿ ಮಿದುಳಿಗಾಗಲಿ ಏನೂ ಆಗಲಿಲ್ಲ. ಅದೇ ಪ್ರಯೋಗದಲ್ಲಿ ಅದೇ ಜನರನ್ನು ಬೇರೆಯಾಗಿ ಹಂಚಿ, ಅರ್ಧದಷ್ಟು ಮಂದಿಗೆ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಬಗೆಯ ಸಿಮ್ವಾಸ್ಟಾಟಿನ್ ಕೊಟ್ಟಿದ್ದರು. ಅವರಲ್ಲಿ ಹೃದಯಾಘಾತ, ಲಕ್ವಾಗಳು ಸುಮಾರು ಕಾಲುಭಾಗ ಕಡಿಮೆಯಾದವು, ಸಕ್ಕರೆ ಕಾಯಿಲೆಯವರಲ್ಲೂ. ಒಂದೇ ಪಂಕ್ತಿಯಲ್ಲಿ ಕೂರಿಸಿ ಇಬ್ಬರಿಗೂ ಬಡಿಸಿದಂಥ ಪರೀಕ್ಷೆ ಇದು. ಇದಕ್ಕಿಂತ ನ್ಯಾಯವಾದ ತಕ್ಕಡಿ ಸಿಗಲಾರದು.

ನ್ಯಾಯಕ್ಕಾಗಿ ಎರಡು ಮಾತು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದವರಲ್ಲಿ ಕೆಲವರಿಗೆ ಬಿ12 ಕೊರತೆ ಆಗುತ್ತದೆ. ರಕ್ತ ಪರೀಕ್ಷೆ ಮಾಡಿಸಿ ಕಡಿಮೆ ಇದ್ದವರಿಗೆ ಮಿಥೈಲ್‌ಕೋಬಾಲಮಿನ್ ಕೊಡುವುದು ಸರಿಯಾದ ವೈದ್ಯವೇ. ಅಂಗಾಲು ಉರಿಗೆ ಆಲ್ಫಾ ಲಿಪೋಯಿಕ್ ಆಮ್ಲದಿಂದ ಅಲ್ಪಸ್ವಲ್ಪ ಆರಾಮ ಆಗುವುದೂ ಉಂಟು. ಆದರೆ ನಾಲ್ಕು ವರ್ಷ ನಡೆದ ನ್ಯಾಥನ್ ಪ್ರಯೋಗದಲ್ಲಿ ಅದು ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ರಾಣೇಬೆನ್ನೂರಿನ ರೈತ ಬೀಜದ ಚೀಲ ಕೊಳ್ಳುವಾಗ ಚೀಟಿ ತಿರುಗಿಸಿ ಮೊಳಕೆಯ ಪ್ರಮಾಣ ಎಷ್ಟು ಬರೆದಿದೆ ಎಂದು ನೋಡುತ್ತಾನೆ. ಅದೇ ರೈತ ಪಕ್ಕದ ಅಂಗಡಿಯಲ್ಲಿ ಈ ಕ್ಯಾಪ್ಸೂಲು ಕೊಳ್ಳುವಾಗ ಬಣ್ಣ ನೋಡುತ್ತಾನೆ. ಬಣ್ಣಕ್ಕೆ ಬೆಲೆ ಕಟ್ಟುವುದು ಬ್ಯಾಡಗಿಯಲ್ಲಿ ತಪ್ಪಲ್ಲ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಮೆಣಸಿನಕಾಯಿಯ ಹೆಸರೇ ಖಾರಕ್ಕಿಂತ ಕೆಂಪಿನಿಂದ ಬಂದದ್ದು. ಔಷಧದಂಗಡಿ ಮಾರ್ಕೆಟ್ ಯಾರ್ಡ್ ಅಲ್ಲ.

ಇನ್ನು ಕೊನೆಯ ಸಾಲು. ‘ಅಟೋರ್ವಾಸ್ಟಾಟಿನ್ 10, 0-0-1, × 15.’ ನಾನು ಈ ಸಾಲನ್ನು ಎಷ್ಟು ಸಲ ಓದಿದ್ದೇನೋ. ಇದರಲ್ಲಿ ಸರಿಯಾದ ಔಷಧ ಇದೆ, ಅದೇ ಸ್ಟಾಟಿನ್ ಬಳಗದ್ದು, ಹೆಚ್ಚುಕಡಿಮೆ ಸರಿಯಾದ ಪ್ರಮಾಣವೂ ಇದೆ, ಆದರೂ ಸಾಲು ಸತ್ತಿದೆ. ಯಾಕೆ?

ಮೊದಲು ‘× 15’. ಜ್ವರಕ್ಕೆ ಐದು ದಿನ, ಗಂಟಲಿಗೆ ಏಳು ದಿನ ಎಂದು ಬರೆಯುವ ಕೈ ಅದೇ ವ್ಯಾಕರಣವನ್ನು ಇಲ್ಲಿಗೂ ತಂದಿದೆ. ಒಂದು ಪಟ್ಟಿಯಲ್ಲಿ ಹದಿನೈದು ಗುಳಿಗೆ ಬರುತ್ತದೆ, ಅದಕ್ಕೆ ಹದಿನೈದು. ಬರೆದವರ ಮನಸ್ಸಿನಲ್ಲಿ ಅದರ ಅರ್ಥ ‘ಹದಿನೈದು ದಿನಕ್ಕೆ ಮತ್ತೆ ಬಾ’ ಎಂದಿದ್ದೀತು. ಅಣ್ಣನ ಓದಿನಲ್ಲಿ ಅದರ ಅರ್ಥ ‘ಹದಿನೈದು ದಿನದಲ್ಲಿ ವಾಸಿ.’ ‘ಅದು ಕೋರ್ಸ್ ಇತ್ತು, ಮುಗೀತು’ ಎಂದ. ಅವನ ಓದನ್ನು ತಪ್ಪು ಎನ್ನಲಾರೆ, ಪಠ್ಯ ಹಾಗೇ ಇದೆ. ಸ್ಟಾಟಿನ್ ಹದಿನೈದು ದಿನ ತಿಂದು ಬಿಡುವುದು ಹದಿನೈದು ದಿನ ಬದು ಹಾಕಿ ಮಳೆಗಾಲಕ್ಕೆ ಮುಂಚೆ ಕೀಳುವ ಹಾಗೆ. ಮೊದಲ ಸಾಲಿನ ಪಕ್ಕದಲ್ಲೂ ಹದಿನೈದೋ ಮೂವತ್ತೋ ಬರೆದಿದ್ದರೂ ಅವನು ಅದನ್ನು ಬಿಡಲಿಲ್ಲ, ಏಕೆಂದರೆ ಅಲ್ಲಿ ಯಂತ್ರ ಇದೆ, ಬಿಟ್ಟರೆ ಸಂಖ್ಯೆ ಏರಿ ಬಯ್ಯುತ್ತದೆ. ನರದ ಗುಳಿಗೆ ಬಿಡಲಿಲ್ಲ, ಏಕೆಂದರೆ ಅದರ ಹೆಸರಿಗೆ ಮರ್ಯಾದೆ ಇದೆ. ಇದಕ್ಕೆ ಬಯ್ಯುವ ಯಂತ್ರವೂ ಇಲ್ಲ, ಕಾಯುವ ಹೆಸರೂ ಇಲ್ಲ.

ಹೆಸರು! ಅಂಗಡಿಯವರು ಅದನ್ನು ಕೊಡುವಾಗ ಹೇಳಿದ್ದು ‘ಇದು ಕೊಬ್ಬಿಂದು’ ಎಂದು. ಅಣ್ಣ ಸಣಕಲ, ಅಂಗಿ ತೊಟ್ಟರೆ ಗೂಟಕ್ಕೆ ಹಾಕಿದ ಹಾಗೆ ಕಾಣುವವನು. ಮನೆಗೆ ಬಂದು ‘ನನಗೆಲ್ಲಿ ಐತೋ ಕೊಬ್ಬು?’ ಎಂದು ಅರ್ಧ ನಗೆ, ಅರ್ಧ ಸಿಟ್ಟಿನಲ್ಲಿ ಕೇಳಿದ. ಕನ್ನಡದಲ್ಲಿ ಕೊಬ್ಬು ಎಂದರೆ ಸೊಕ್ಕು. ಕೊಬ್ಬು ಇಳಿಸುತ್ತೇನೆ ಎನ್ನುವುದು ಜಗಳದ ಮಾತು. ಕೈ ಮುಗಿದು ಬದುಕಿದ ಲೆಕ್ಕಿಗನಿಗೆ ಕೊಬ್ಬು ಇಳಿಸುವ ಗುಳಿಗೆ ಕೊಟ್ಟರೆ ಅವನು ಹೇಗೆ ನುಂಗಿಯಾನು? ಆಮೇಲೆ ಒಮ್ಮೆ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿದಾಗ ‘ನಾರ್ಮಲ್’ ಬಂತು. ಅಲ್ಲಿಗೆ ಆ ಸಾಲಿನ ಕಥೆ ಮುಗಿಯಿತು.

ಇಲ್ಲೇ ಇರುವುದು ನಿಜವಾದ ತಪ್ಪು. ಸಕ್ಕರೆ ಕಾಯಿಲೆಯವರಿಗೆ ಸ್ಟಾಟಿನ್ ಕೊಡುವುದು ಕೊಲೆಸ್ಟರಾಲ್ ಹೆಚ್ಚಿದೆ ಎಂದಲ್ಲ. 2004ರಲ್ಲಿ ಪ್ರಕಟವಾದ ಕಾರ್ಡ್ಸ್ ಪ್ರಯೋಗವನ್ನು ನೋಡಿ. ಬ್ರಿಟನ್ ಮತ್ತು ಐರ್ಲೆಂಡಿನ 2,838 ಜನ, ಎಲ್ಲರಿಗೂ ಸಕ್ಕರೆ ಕಾಯಿಲೆ, ಯಾರಿಗೂ ಅದುವರೆಗೆ ಹೃದಯದ ತೊಂದರೆ ಆಗಿರಲಿಲ್ಲ. ಕೆಟ್ಟ ಕೊಲೆಸ್ಟರಾಲ್ 160ಕ್ಕಿಂತ ಹೆಚ್ಚಿದ್ದವರನ್ನು ಸೇರಿಸಿಕೊಳ್ಳಲೇ ಇಲ್ಲ. ಅಂದರೆ ಅಣ್ಣನಂಥ ‘ನಾರ್ಮಲ್’ ಮಂದಿ. ಕೊಟ್ಟದ್ದು ಇದೇ ಅಟೋರ್ವಾಸ್ಟಾಟಿನ್, ಇದೇ 10 ಮಿಲಿಗ್ರಾಂ. ಹೃದಯ, ಮಿದುಳಿನ ದೊಡ್ಡ ಅನಾಹುತಗಳು ಶೇ. 37, ಲಕ್ವಾ ಒಂದನ್ನೇ ತೆಗೆದುಕೊಂಡರೆ ಶೇ. 48 ಕಡಿಮೆಯಾದವು. ಲಾಭ ಇಷ್ಟು ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ಎರಡು ವರ್ಷ ಮುಂಚೆಯೇ ನಿಲ್ಲಿಸಿದರು. ಆರಂಭದಲ್ಲಿ ಕೊಲೆಸ್ಟರಾಲ್ ಕಡಿಮೆ ಇದ್ದವರಿಗೂ ಲಾಭ ಆಯಿತು. ಹಾಗಾದರೆ ಈ ಗುಳಿಗೆ ಕೊಬ್ಬಿನದಲ್ಲ, ನಾಳದ್ದು. ನಮ್ಮ ಆಡುಮಾತಿನ ಅರ್ಥದಲ್ಲಿ ನಿಜವಾದ ‘ನರದ ಗುಳಿಗಿ’ ಇದೇ. ಹೆಸರು ಮಾತ್ರ ಎರಡು ಸಾಲು ಮೇಲಿನವನು ಹೊತ್ತುಕೊಂಡು ಹೋಗಿದ್ದಾನೆ.

ಇನ್ನು ‘0-0-1.’ ರಾತ್ರಿ ಒಂದು. ಯಕೃತ್ತು ಕೊಲೆಸ್ಟರಾಲನ್ನು ಹೆಚ್ಚಾಗಿ ರಾತ್ರಿ ಮಾಡುತ್ತದೆ, ಸಿಮ್ವಾಸ್ಟಾಟಿನ್‌ನಂಥ ಹಳೆಯ ಸ್ಟಾಟಿನ್‌ಗಳು ದೇಹದಲ್ಲಿ ಬೇಗ ಕರಗುತ್ತವೆ, ಅದಕ್ಕೆ ರಾತ್ರಿ ಕೊಡುತ್ತಿದ್ದರು. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಬಹಳ ಹೊತ್ತು ಉಳಿಯುವಂಥವು. ಬೆಳಿಗ್ಗೆ ತಿಂದರೂ ನಡೆಯುತ್ತದೆ. ಔಷಧ ಬದಲಾಯಿತು, ಪದ್ಧತಿ ಉಳಿಯಿತು. ಛಂದಸ್ಸು ಬಿಟ್ಟ ಮೇಲೂ ಪ್ರಾಸ ಬಿಡದ ಕವಿಯ ಹಾಗೆ. ಇದರಿಂದ ಏನಾಯಿತು? ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆ. ಸುಗ್ಗಿಯ ತಿಂಗಳುಗಳಲ್ಲಿ ಆ ದಿನಗಳ ರಾತ್ರಿ ಲೆಕ್ಕ ಮುಗಿಯುವುದು ಯಾವಾಗಲೋ. ಅಣ್ಣ ಬಂದು ತಣ್ಣಗಾದ ರೊಟ್ಟಿ ತಿಂದು ಮಲಗುತ್ತಿದ್ದ. ಮೊದಲ ವಾರದಲ್ಲೇ ಆ ಗುಳಿಗೆ ಎರಡು ದಿನ ತಪ್ಪಿತ್ತು ಎಂದು ಅತ್ತಿಗೆ ಹೇಳುತ್ತಾರೆ. ಬೆಳಿಗ್ಗೆ ಚಹಾದ ಜೊತೆ ಎಂದು ಬರೆದಿದ್ದರೆ? ಗೊತ್ತಿಲ್ಲ. ಆದರೆ ಯಾರ ದಿನಚರಿಯನ್ನೂ ಕೇಳದೆ ಬರೆದ ಸೊನ್ನೆ-ಸೊನ್ನೆ-ಒಂದು ಒಳ್ಳೆಯ ಶೈಲಿಯಲ್ಲ.

ಈ ರೂಢಿಗೆ ಎದುರಾಗಿ ಇಡಬಹುದಾದ ಕೃತಿ ಯಾವುದು ಎಂದರೆ, ನನ್ನ ಮಟ್ಟಿಗೆ ಡೆನ್ಮಾರ್ಕಿನ ಸ್ಟೆನೊ-2. ಗಾತ್ರದಲ್ಲಿ ಸಣ್ಣದು, ಬರೀ 160 ಜನ. ಎಲ್ಲರಿಗೂ ಸಕ್ಕರೆ ಕಾಯಿಲೆ, ಮೂತ್ರದಲ್ಲಿ ಆಗಲೇ ಪ್ರೋಟೀನ್ ಸೋರಲು ಶುರುವಾಗಿತ್ತು. 1993ರಲ್ಲಿ ಆರಂಭ. ಅರ್ಧ ಜನಕ್ಕೆ ಸಾಮಾನ್ಯ ಚಿಕಿತ್ಸೆ, ಇನ್ನರ್ಧಕ್ಕೆ ಎಲ್ಲವೂ ಒಟ್ಟಿಗೆ: ಸಕ್ಕರೆಗೆ, ಬಿಪಿಗೆ, ಕೊಲೆಸ್ಟರಾಲಿಗೆ, ಮೂತ್ರಪಿಂಡ ಕಾಯಲು, ಜೊತೆಗೆ ಆಸ್ಪಿರಿನ್, ಊಟ, ನಡಿಗೆ. ಸುಮಾರು ಎಂಟು ವರ್ಷದಲ್ಲಿ ಹೃದಯ-ನಾಳಗಳ ಅನಾಹುತ ಶೇ. 53ರಷ್ಟು ಇಳಿಯಿತು. ಹದಿಮೂರು ವರ್ಷದ ಹೊತ್ತಿಗೆ ಸಾಮಾನ್ಯ ಚಿಕಿತ್ಸೆಯ ಗುಂಪಿನ 80 ಜನರಲ್ಲಿ 40 ಮಂದಿ ತೀರಿಕೊಂಡಿದ್ದರು, ಬಿಗಿ ಚಿಕಿತ್ಸೆಯ ಗುಂಪಿನಲ್ಲಿ 24. ಇಪ್ಪತ್ತೊಂದು ವರ್ಷ ಕಳೆದಾಗ ಆಯಸ್ಸಿನ ಅಂತರ ಸುಮಾರು 7.9 ವರ್ಷ. ಇದರೊಳಗೆ ಒಂದು ವಿವರ ಅಡಗಿದೆ, ಅದನ್ನು ನಮ್ಮ ವೈದ್ಯರು ಗೋಡೆಗೆ ಬರೆದುಕೊಳ್ಳಬೇಕು. ಬಿಗಿ ಚಿಕಿತ್ಸೆಯ ಗುಂಪಿನಲ್ಲಿ ಎಚ್‌ಬಿಎ1ಸಿ 6.5ರ ಕೆಳಗೆ ಎಂಬ ಸಕ್ಕರೆಯ ಗುರಿಯನ್ನು ಮುಟ್ಟಿದವರು ಐದರಲ್ಲಿ ಒಬ್ಬರಿಗೂ ಕಡಿಮೆ. ಕೊಲೆಸ್ಟರಾಲಿನ ಗುರಿಯನ್ನು ಮಾತ್ರ ಬಹುಪಾಲು ಜನ ಮುಟ್ಟಿದ್ದರು. ಸಕ್ಕರೆಯಲ್ಲಿ ಫೇಲಾದವರು ಬದುಕಿದರು. ಆಂಬುಲೆನ್ಸಿನಲ್ಲಿ ಅಣ್ಣ ಹೇಳಿದ್ದು ಇದರ ತಲೆಕೆಳಗಾದ ವಾಕ್ಯ.

ಪ್ರಯೋಗ ಸಣ್ಣದು, ಯಾರಿಗೆ ಏನು ಕೊಡುತ್ತಿದ್ದೇವೆಂದು ಎಲ್ಲರಿಗೂ ಗೊತ್ತಿತ್ತು, ಯಾವ ಔಷಧ ಎಷ್ಟು ಕೆಲಸ ಮಾಡಿತೆಂದು ಬಿಡಿಸಿ ಹೇಳಲಾಗದು. ಈ ಮೂರೂ ಆಕ್ಷೇಪ ನಿಜ. ಆದರೆ ದೊಡ್ಡ ಪ್ರಯೋಗಗಳು ಒಂದೊಂದು ಎಳೆಯನ್ನೂ ಬೇರೆಬೇರೆಯಾಗಿ ಗಟ್ಟಿ ಮಾಡಿಕೊಟ್ಟಿವೆ. ನನ್ನ ತೀರ್ಪು ಬದಲಾಗುವುದಿಲ್ಲ.

ಈಗ ಉಳಿದ ವಿಮರ್ಶಕರ ಕಡೆ ತಿರುಗುತ್ತೇನೆ. ಇವರಲ್ಲಿ ಎರಡು ಬಣ. ಒಂದನೆಯವರು ಸ್ಟಾಟಿನ್ ಎಂದರೆ ಸಾಕು ಮೈಮೇಲೆ ಬೀಳುವವರು. ಮೈಕೈ ನೋವು ತರುತ್ತದೆ, ಕಂಪನಿಗಳ ಮೋಸ, ಬೆಳ್ಳುಳ್ಳಿ ತಿಂದರೆ ಸಾಕು. ಇವರಿಗೆ ವಿದೇಶದಿಂದ ಒಂದು ಆಧಾರವೂ ಸಿಕ್ಕಿತ್ತು. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಲೇಖನವೊಂದು ಸ್ಟಾಟಿನ್ ತಿನ್ನುವವರಲ್ಲಿ ಶೇ. 18ರಿಂದ 20 ಜನಕ್ಕೆ ಅಡ್ಡಪರಿಣಾಮ ಎಂದಿತು. ಆಕ್ಸ್‌ಫರ್ಡಿನ ಸಂಶೋಧಕ ರೋರಿ ಕಾಲಿನ್ಸ್ ಸಿಡಿದೆದ್ದರು. ಮರುವರ್ಷ ಪತ್ರಿಕೆ ಆ ಅಂಕಿಯನ್ನು ವಾಪಸು ತೆಗೆದುಕೊಂಡಿತು. ತಿದ್ದುಪಡಿಯನ್ನು ಯಾರು ಓದುತ್ತಾರೆ? ಶೇ. 20 ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಪ್ರಯಾಣ ಮಾಡುತ್ತಿದೆ. 2020ರಲ್ಲಿ ಲಂಡನ್ನಿನಲ್ಲಿ ಒಂದು ಜಾಣ ಪ್ರಯೋಗ ನಡೆಯಿತು, ಸ್ಯಾಮ್ಸನ್ ಎಂದು ಹೆಸರು. ನೋವೆಂದು ಸ್ಟಾಟಿನ್ ಬಿಟ್ಟಿದ್ದ 60 ಜನಕ್ಕೆ ಹನ್ನೆರಡು ಡಬ್ಬಿ ಕೊಟ್ಟರು. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಹುಸಿ ಗುಳಿಗೆ, ನಾಲ್ಕು ಖಾಲಿ. ತಿಂಗಳಿಗೊಂದು ಡಬ್ಬಿ. ಸ್ಟಾಟಿನ್ ತಿಂದಾಗ ಆದ ತೊಂದರೆಯ ಶೇ. 90ರಷ್ಟು ಹುಸಿ ಗುಳಿಗೆ ತಿಂದಾಗಲೂ ಆಯಿತು. ನೋವು ಸುಳ್ಳಲ್ಲ, ನೋವಿನ ಕಾರಣ ಬೇರೆ. ಇದನ್ನು ತಿಳಿದ ಮೇಲೆ ಅವರಲ್ಲಿ ಅರ್ಧ ಜನ ಮತ್ತೆ ಗುಳಿಗೆ ಹಿಡಿದರು.

ಸ್ಟಾಟಿನ್ ಸಕ್ಕರೆಯನ್ನು ಕೊಂಚ ಏರಿಸುತ್ತದೆ ಎಂಬ ಆಕ್ಷೇಪ ಮಾತ್ರ ಖರೆ. 2010ರಲ್ಲಿ ಹದಿಮೂರು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ 255 ಜನ ನಾಲ್ಕು ವರ್ಷ ತಿಂದರೆ ಒಬ್ಬರಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಬರುತ್ತದೆ ಎಂದು ತಿಳಿಯಿತು. ಆಗಲೇ ಕಾಯಿಲೆ ಬಂದವನಿಗೆ ಈ ಲೆಕ್ಕದಿಂದ ಹೆದರಿಸುವುದು ಎಂಥ ತರ್ಕ? ಇನ್ನು ಕಂಪನಿಗಳ ಮೋಸ. ಇವರ ರಾಜಕೀಯ ಅನುಮಾನಕ್ಕೆ ನನ್ನ ಅರ್ಧ ಸಹಮತ ಇದೆ, ಗುರಿಗೆ ಇಲ್ಲ. ಅಟೋರ್ವಾಸ್ಟಾಟಿನ್ ಮೇಲೆ ಯಾರ ಏಕಸ್ವಾಮ್ಯವೂ ಉಳಿದಿಲ್ಲ, ಕೇಂದ್ರದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಬೆಲೆಗೆ ಕಡಿವಾಣ ಇದೆ. ಅದನ್ನು ಹೊಗಳಿ ಯಾವ ಪ್ರತಿನಿಧಿಯೂ ಬ್ಯಾಗು ಹೊತ್ತು ದವಾಖಾನೆಗೆ ಬರುವುದಿಲ್ಲ. ಬರುವುದು ಕ್ಯಾಪ್ಸೂಲಿಗಾಗಿ. ಕಂಪನಿ ವಿರೋಧಿಗಳು ಕಂಪನಿಗೆ ಲಾಭವಿಲ್ಲದ ಗುಳಿಗೆಯನ್ನು ಹೊಡೆದು, ಲಾಭದ ಕ್ಯಾಪ್ಸೂಲನ್ನು ‘ವಿಟಮಿನ್ ತಾನೆ’ ಎಂದು ಬಿಟ್ಟುಬಿಡುತ್ತಾರೆ.

ಎರಡನೆಯ ಬಣ ನಮ್ಮ ವೈದ್ಯ-ಅಂಕಣಕಾರರದ್ದು. ಇವರ ಮೇಲೆ ನನಗೆ ಹೆಚ್ಚು ಸಿಟ್ಟು, ಏಕೆಂದರೆ ಇವರು ತಿಳಿದವರು. ಅನುಪಮಾ ನಿರಂಜನ ಅವರು ‘ತಾಯಿ-ಮಗು’ ಬರೆದಾಗ ಕನ್ನಡ ಬಲ್ಲ ಹೆಣ್ಣುಮಗಳೊಬ್ಬಳು ಎದುರಿಗೆ ಕೂತಿದ್ದಾಳೆಂಬ ಎಚ್ಚರ ಅವರಿಗಿತ್ತು. ಈಗಿನ ಅಂಕಣಗಳಲ್ಲಿ ‘ಸಕ್ಕರೆ ನಿಯಂತ್ರಣಕ್ಕೆ ಹತ್ತು ಸೂತ್ರ’, ಮುಂದಿನ ವಾರ ‘ಹತ್ತು ಆಹಾರ’. ಹಾಗಲಕಾಯಿಗೆ ಸಿಕ್ಕಷ್ಟು ಜಾಗ ರಕ್ತದೊತ್ತಡಕ್ಕೆ ಸಿಕ್ಕಿಲ್ಲ. ‘ನರ’ ಪದದ ಗೊಂದಲವನ್ನು ಬಿಡಿಸಿ ಬರೆದ ಒಂದು ಅಂಕಣವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2022ರಲ್ಲಿ ಹೇಳಿದ್ದೇನು? ನಮ್ಮ ದೇಶದ ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಹತೋಟಿಯಲ್ಲಿರುವವರು ಶೇ. 36.3. ಸಕ್ಕರೆ, ಬಿಪಿ, ಕೊಲೆಸ್ಟರಾಲ್ ಮೂರೂ ಹತೋಟಿಯಲ್ಲಿರುವವರು ಶೇ. 7.7. ಈ ಎರಡು ಅಂಕಿಗಳ ನಡುವೆ ಬಿದ್ದವರು ಅಣ್ಣನಂಥವರು. ಅವರ ಬಗ್ಗೆ ಅಂಕಣ ಬರಲಿಲ್ಲ.

ನಮ್ಮದೇ ರಾಜ್ಯದ ಕೆಲಸವನ್ನಾದರೂ ಬರೆದರೇ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಪ್ರೇಮ್ ಪೈಸ್, ಡೆನಿಸ್ ಕ್ಸೇವಿಯರ್ ಅವರಿದ್ದ ತಂಡ ಬಿಪಿ ಔಷಧಗಳು, ಸ್ಟಾಟಿನ್, ಆಸ್ಪಿರಿನ್ ಎಲ್ಲವನ್ನೂ ಒಂದೇ ಗುಳಿಗೆಯಲ್ಲಿ ಹಾಕಿದರೆ ಹೇಗೆಂದು 2009ರಲ್ಲೇ 2,053 ಭಾರತೀಯರ ಮೇಲೆ ಪರೀಕ್ಷಿಸಿ ತೋರಿಸಿತ್ತು. ಮುಂದೆ ಟಿಪ್ಸ್-3 ಎಂಬ ಪ್ರಯೋಗದಲ್ಲಿ 5,713 ಜನರಲ್ಲಿ ಆ ಬಗೆಯ ಗುಳಿಗೆ ಮತ್ತು ಆಸ್ಪಿರಿನ್ ಸೇರಿ ಅನಾಹುತಗಳನ್ನು ಶೇ. 31 ತಗ್ಗಿಸಿದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆಸ್ಪಿರಿನ್ ಬಗ್ಗೆ ನನಗೆ ಅನುಮಾನ ಇದೆ. ಹೃದಯದ ತೊಂದರೆ ಇಲ್ಲದ ಸಕ್ಕರೆ ಕಾಯಿಲೆಯವರಲ್ಲಿ ಅದು ಶೇ. 12 ಅನಾಹುತ ತಪ್ಪಿಸಿ ಶೇ. 29 ರಕ್ತಸ್ರಾವ ಹೆಚ್ಚಿಸುತ್ತದೆ ಎಂದು 2018ರ ಅಸೆಂಡ್ ಪ್ರಯೋಗ ಹೇಳಿದೆ. ಆದರೂ ನಾಲ್ಕು ಸಾಲಿನ ಚೀಟಿಯನ್ನು ಒಂದು ಸಾಲಿಗೆ ಇಳಿಸುವ ಕಲ್ಪನೆಯನ್ನು ನಮ್ಮ ನೆಲದಲ್ಲೇ ಪರೀಕ್ಷಿಸಿ ತೋರಿಸಿದ್ದರು. ನಮ್ಮ ಅಂಗಡಿಗಳಲ್ಲಿ ಒಂದೇ ಡಬ್ಬಿಗೆ ತುಂಬಿಕೊಂಡದ್ದು ಮಾತ್ರ ಜೀವಸತ್ವಗಳನ್ನು.

ಹೊಸ ಔಷಧಗಳ ಬಗ್ಗೆ ಬಹಳ ಹೇಳುವುದಿಲ್ಲ. ಎಂಪಾಗ್ಲಿಫ್ಲೋಜಿನ್ 2015ರಲ್ಲಿ, ಆಗಲೇ ಹೃದ್ರೋಗ ಇದ್ದ ಸಕ್ಕರೆ ಕಾಯಿಲೆಯವರಲ್ಲಿ ಹೃದಯದ ಸಾವನ್ನು ಶೇ. 38 ಇಳಿಸಿ ಬೆರಗು ಹುಟ್ಟಿಸಿತು. ಅದರ ಮೂಲ ಸೇಬಿನ ಮರದ ತೊಗಟೆ. ಕ್ಯಾಪ್ಟೊಪ್ರಿಲ್ ಹುಟ್ಟಿದ್ದು ಬ್ರೆಜಿಲಿನ ಹಾವಿನ ವಿಷದ ಅಧ್ಯಯನದಿಂದ, ಮೊದಲ ಸ್ಟಾಟಿನ್ ಜಪಾನಿನ ಅಕಿರಾ ಎಂಡೊ ಕಂಡ ಬೂಸಿನಿಂದ. ನಾಳ ಕಾಯುವ ಔಷಧಗಳು ಎಲ್ಲೆಲ್ಲಿಂದಲೋ ಬಂದವು, ಸಿದ್ಧಾಂತ ಹೇಳಿದ ದಿಕ್ಕಿನಿಂದ ಬರಲಿಲ್ಲ ಎಂಬುದು ನನಗೆ ಖುಷಿ ಕೊಡುವ ಸಂಗತಿ. 2025ರ ಮಾರ್ಚಿನಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು, ಗುಳಿಗೆಗೆ 60 ರೂಪಾಯಿಯ ಹತ್ತಿರ ಇದ್ದದ್ದು ಹತ್ತರ ಆಸುಪಾಸಿಗೆ ಇಳಿದಿದೆ. ಬರಲಿ. ಆದರೆ ಹೊಸದು ಬಂತೆಂದು ಹಳೆಯ ಎರಡನ್ನು, ಬಿಪಿಯ ಗುಳಿಗೆ ಮತ್ತು ಸ್ಟಾಟಿನನ್ನು, ಇನ್ನೂ ಕೆಳಗಿನ ಸಾಲಿಗೆ ನೂಕಬಾರದು.

ಇದನ್ನು ಓದಿ ಯಾರೂ ಯಾವ ಗುಳಿಗೆಯನ್ನೂ ತಾವಾಗಿಯೇ ಬಿಡುವುದು, ಹಿಡಿಯುವುದು ಮಾಡಬೇಡಿ. ಚೀಟಿ ತೆಗೆದುಕೊಂಡು ಹೋಗಿ, ಬರೆದವರ ಮುಂದೆ ಬಿಚ್ಚಿ, ಒಂದೊಂದು ಸಾಲಿಗೂ ಬೆರಳಿಟ್ಟು ‘ಇದು ಎಲ್ಲಿ ತನಕ?’ ಎಂದು ಕೇಳಿ. ಮಾರುಕಟ್ಟೆ ದಿನ ನಿಮಗೆ ಎಷ್ಟು ಹೊತ್ತಿಗೆ ಊಟ ಎಂಬುದನ್ನೂ ಹೇಳಿ.

ಅಣ್ಣನ ಈಗಿನ ಚೀಟಿಯಲ್ಲಿ ಐದು ಸಾಲುಗಳಿವೆ. ಮೊದಲನೆಯದು ಬಿಪಿಗೆ ಟೆಲ್ಮಿಸಾರ್ಟಾನ್, ಎರಡನೆಯದು ಅಟೋರ್ವಾಸ್ಟಾಟಿನ್ 40, 1-0-0. ‘× 15’ ಇದ್ದ ಜಾಗದಲ್ಲಿ ‘ಬಿಡಬಾರದು’ ಎಂದು ಕನ್ನಡದಲ್ಲೇ ಬರೆದಿದ್ದಾರೆ. ಅವನು ಮತ್ತೆ ಅಂಗಡಿಗೆ ಹೋಗಿ ಬಲಗೈಯಲ್ಲಿ ಲೆಕ್ಕ ಬರೆಯುತ್ತಾನೆ. ಎಡಗೈ ಇನ್ನೂ ಭುಜದ ಮಟ್ಟಕ್ಕೆ ಏಳುವುದಿಲ್ಲ.